ಲಾರಿ ಎಲ್ಲಿದೆ ಎಂಬುದು ಉಪಗ್ರಹಕ್ಕೂ ಗೊತ್ತಿಲ್ಲ!

ಹುಬ್ಬಳ್ಳಿಯಿಂದ ಸಂಜೆ ಸರಕು ಹೊತ್ತು ಹೊರಟ ಲಾರಿ ಮರುದಿನ ಚೆನ್ನೈ ಸೇರಬೇಕು. ಒಂದು ಕಾಲದಲ್ಲಿ ಅದು ಊರ ಗಡಿ ದಾಟಿತೆಂದರೆ ಮಾಲೀಕನ ಪಾಲಿಗೆ ಕಣ್ಮರೆಯಾದಂತೆಯೇ. ದಾರಿಯಲ್ಲಿನ ಎಸ್‌ಟಿಡಿ ಬೂತಿನಿಂದ ಚಾಲಕ ಕರೆ ಮಾಡಿದರೆ ಸುದ್ದಿ. ಇಲ್ಲವಾದರೆ ಕಾಯುವುದಷ್ಟೇ ಕೆಲಸ. ಇಂದು ಅದೇ ಮಾಲೀಕ ಮೊಬೈಲ್ ಪರದೆಯ ಮೇಲೆ ಲಾರಿ ಯಾವ ಊರು ದಾಟಿತು, ಎಷ್ಟು ವೇಗದಲ್ಲಿದೆ, ಎಲ್ಲಿ ಎಷ್ಟು ಹೊತ್ತು ನಿಂತಿತ್ತು ಎಂಬುದನ್ನು ಕುಳಿತಲ್ಲಿಯೇ ನೋಡಬಲ್ಲ. ಈ ಸೌಲಭ್ಯದ ಹಿಂದಿರುವ ತಂತ್ರಜ್ಞಾನವೇನು? ಅದನ್ನು ಎಷ್ಟರಮಟ್ಟಿಗೆ ನಂಬಬಹುದು?

ಗಡಿಯಾರದ ಲೆಕ್ಕಾಚಾರ

ಆಕಾಶದಲ್ಲಿರುವ ಉಪಗ್ರಹ ಲಾರಿಯನ್ನು ನೋಡುತ್ತಿರುತ್ತದೆ ಎಂಬುದು ಜನಸಾಮಾನ್ಯರ ಕಲ್ಪನೆ. ವಾಸ್ತವ ಬೇರೆ. ಅಮೆರಿಕದ ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತಾ, ತಾವಿರುವ ಸ್ಥಾನವನ್ನೂ ಸಮಯವನ್ನೂ ರೇಡಿಯೊ ಸಂಕೇತದ ಮೂಲಕ ಸಾರುತ್ತಲೇ ಇರುತ್ತವೆ. ಕೇಳುವವರು ಯಾರೆಂಬುದು ಅವುಗಳಿಗೆ ತಿಳಿಯದು. ಲಾರಿಯಲ್ಲಿ ಅಳವಡಿಸಿದ ಪುಟ್ಟ ಪೆಟ್ಟಿಗೆಯೇ ಆ ಸಂಕೇತಗಳನ್ನು ಆಲಿಸಿ, ಅವು ತಲುಪಲು ತೆಗೆದುಕೊಂಡ ಸಮಯದಿಂದ ದೂರವನ್ನು ಅಳೆದು, ತನ್ನ ಸ್ಥಾನವನ್ನು ತಾನೇ ಕಂಡುಕೊಳ್ಳುತ್ತದೆ.

ಇದಕ್ಕೆ ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಬೇಕು. ಮೂರು ಸ್ಥಾನ ನಿರ್ಣಯಕ್ಕೆ, ನಾಲ್ಕನೆಯದು ಪೆಟ್ಟಿಗೆಯ ಅಗ್ಗದ ಗಡಿಯಾರದ ತಪ್ಪನ್ನು ತಿದ್ದುವುದಕ್ಕೆ. ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗದಷ್ಟು ವ್ಯತ್ಯಾಸವಾದರೂ ದೂರದ ಲೆಕ್ಕ 300 ಮೀಟರ್ ತಪ್ಪುತ್ತದೆ. ಆದ್ದರಿಂದಲೇ ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳಿವೆ.

ಇಷ್ಟಾದರೂ ಸ್ಥಾನ ತಿಳಿಯುವುದು ಲಾರಿಗೆ ಮಾತ್ರ. ಅದನ್ನು ಮಾಲೀಕನಿಗೆ ಮುಟ್ಟಿಸುವುದು ಪೆಟ್ಟಿಗೆಯೊಳಗಿನ ಸಿಮ್ ಕಾರ್ಡ್. ನಿಗದಿತ ಅವಧಿಗೊಮ್ಮೆ ಅಕ್ಷಾಂಶ, ರೇಖಾಂಶ, ವೇಗ ಮತ್ತು ಇಂಜಿನ್ ಸ್ಥಿತಿಯ ವಿವರ ಮೊಬೈಲ್ ಜಾಲದ ಮೂಲಕ ಸರ್ವರ್ ಸೇರುತ್ತದೆ. ಶಿರಾಡಿಯಂತಹ ಘಾಟಿ ಮಾರ್ಗದಲ್ಲಿ ಮೊಬೈಲ್ ಸಂಕೇತ ಕಡಿದರೆ ಪರದೆಯ ಮೇಲಿನ ಲಾರಿ ಅಲ್ಲೇ ನಿಂತುಬಿಡುತ್ತದೆ. ಉತ್ತಮ ಉಪಕರಣವಾದರೆ ಆ ಅವಧಿಯ ಮಾಹಿತಿಯನ್ನು ಕೂಡಿಟ್ಟುಕೊಂಡು, ಜಾಲ ಸಿಕ್ಕೊಡನೆ ರವಾನಿಸುತ್ತದೆ.

ಸೇನೆಯಿಂದ ಸಂತೆಗೆ

ಜಿಪಿಎಸ್ ಮೂಲತಃ ಅಮೆರಿಕ ಸೇನೆಯ ಸೊತ್ತು. ನಾಗರಿಕರಿಗೆ ದೊರೆಯುತ್ತಿದ್ದ ಸಂಕೇತದಲ್ಲಿ ಉದ್ದೇಶಪೂರ್ವಕವಾಗಿ ದೋಷ ಬೆರೆಸಲಾಗುತ್ತಿತ್ತು. 2000ದ ಮೇ ತಿಂಗಳಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಆದೇಶದಂತೆ ಅದು ನಿಂತಿತು. ನೂರು ಮೀಟರಿನಷ್ಟಿದ್ದ ವ್ಯತ್ಯಾಸ ರಾತ್ರೋರಾತ್ರಿ ಹತ್ತಿಪ್ಪತ್ತು ಮೀಟರಿಗೆ ಇಳಿಯಿತು. ವಾಹನ ನಿಗಾ ಉದ್ಯಮ ಬೆಳೆಯಲು ಇದು ಮುಖ್ಯ ಕಾರಣ.

ಭಾರತದ್ದೇ ಆದ ನಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹ 2013ರ ಜುಲೈನಲ್ಲಿ ಕಕ್ಷೆಗೇರಿತು. ಇದರ ಸಂಚಾರ ಕೇಂದ್ರವಿರುವುದು ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ. ಆದರೆ ಆಮದು ಮಾಡಿಕೊಂಡಿದ್ದ ಪರಮಾಣು ಗಡಿಯಾರಗಳು ಕೆಲವು ಉಪಗ್ರಹಗಳಲ್ಲಿ ಕೆಟ್ಟುಹೋದವು. 2023ರ ಮೇ ತಿಂಗಳಲ್ಲಿ ಉಡಾವಣೆಗೊಂಡ ಎನ್‌ವಿಎಸ್-01 ಸ್ವದೇಶಿ ಗಡಿಯಾರವನ್ನು ಹೊತ್ತೊಯ್ದಿತು. 2025ರ ಜನವರಿಯಲ್ಲಿ ಹಾರಿದ ಎನ್‌ವಿಎಸ್-02 ಮಾತ್ರ ಉದ್ದೇಶಿತ ಕಕ್ಷೆ ಸೇರಲಿಲ್ಲ.

ಕಾನೂನಿನ ಒತ್ತಾಸೆ

2012ರ ಡಿಸೆಂಬರಿನಲ್ಲಿ ದೆಹಲಿಯ ಬಸ್ಸಿನಲ್ಲಿ ನಡೆದ ಅತ್ಯಾಚಾರ ಪ್ರಕರಣದ ನಂತರ ಸಾರ್ವಜನಿಕ ವಾಹನಗಳ ಮೇಲೆ ನಿಗಾ ಇರಬೇಕೆಂಬ ಕೂಗು ಬಲವಾಯಿತು. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2016ರಲ್ಲಿ 125ಎಚ್ ನಿಯಮ ಸೇರಿತು. 2019ರ ಜನವರಿ 1ರಿಂದ ನೋಂದಣಿಯಾಗುವ ಹೊಸ ಬಸ್, ಟ್ಯಾಕ್ಸಿಗಳಿಗೆ ಸ್ಥಾನ ಸೂಚಕ ಉಪಕರಣ ಮತ್ತು ತುರ್ತು ಗುಂಡಿ ಕಡ್ಡಾಯವಾಯಿತು. ಆಟೋ, ದ್ವಿಚಕ್ರ ವಾಹನಗಳಿಗೆ ವಿನಾಯಿತಿ ದೊರೆಯಿತು.

ಕರ್ನಾಟಕಕ್ಕೆ ಈ ವಿಷಯದಲ್ಲಿ ಬೇರೊಂದು ಪಾಠವೂ ಇದೆ. ಬಳ್ಳಾರಿಯ ಅಕ್ರಮ ಗಣಿಗಾರಿಕೆ ಕುರಿತ 2011ರ ಲೋಕಾಯುಕ್ತ ವರದಿ, ಪರವಾನಗಿ ಇಲ್ಲದೆ ಅದಿರು ಸಾಗಣೆಯಾದ ಬಗೆಯನ್ನು ಬಯಲಿಗೆಳೆದಿತ್ತು. ಆನಂತರದ ವರ್ಷಗಳಲ್ಲಿ ಖನಿಜ ಸಾಗಿಸುವ ವಾಹನಗಳಿಗೂ ಜಿಪಿಎಸ್ ಕಡ್ಡಾಯವಾಯಿತು. ಕಾಗದದ ಮೇಲಿನ ಮಾರ್ಗಕ್ಕೂ ಚಕ್ರ ಉರುಳಿದ ಮಾರ್ಗಕ್ಕೂ ತಾಳೆ ನೋಡಲು ಇದರಿಂದ ಸಾಧ್ಯ.

ಅಳತೆಗೂ ಮೀರಿದ ನಂಬಿಕೆ

ಉಪಕರಣದ ಲಾಭಗಳು ಸ್ಪಷ್ಟ. ಇಂಜಿನ್ ಚಾಲೂ ಇಟ್ಟು ನಿಲ್ಲಿಸಿದ ಅವಧಿ, ಮಿತಿಮೀರಿದ ವೇಗ, ಸುತ್ತುದಾರಿ ಎಲ್ಲವೂ ದಾಖಲಾಗುತ್ತವೆ. ನಕ್ಷೆಯ ಮೇಲೆ ಗೆರೆ ಎಳೆದು, ವಾಹನ ಅದನ್ನು ದಾಟಿದೊಡನೆ ಎಚ್ಚರಿಕೆ ಬರುವಂತೆ ಮಾಡಬಹುದು. ಗುತ್ತಿಗೆದಾರರು ಜೆಸಿಬಿ, ಜನರೇಟರುಗಳಿಗೂ ಇದನ್ನು ಜೋಡಿಸಿ, ಬಾಡಿಗೆಗೆ ಹೋದ ಯಂತ್ರ ಎಷ್ಟು ತಾಸು ದುಡಿಯಿತೆಂದು ತಿಳಿಯುತ್ತಾರೆ.

ತೊಡಕು ಆರಂಭವಾಗುವುದು ಪರದೆ ಹೇಳಿದ್ದೇ ಸತ್ಯವೆಂದು ನಂಬಿದಾಗ. ಎತ್ತರದ ಕಟ್ಟಡಗಳ ನಡುವೆ ಸಂಕೇತ ಗೋಡೆಗೆ ಬಡಿದು ಬರುವುದರಿಂದ ವಾಹನ ಪಕ್ಕದ ರಸ್ತೆಯಲ್ಲಿರುವಂತೆ ಕಾಣಬಹುದು. ಇಂಧನ ಮಾಪಕದ್ದು ಇನ್ನೂ ಸೂಕ್ಷ್ಮ. ಏರಿಳಿತದ ದಾರಿಯಲ್ಲಿ ಟ್ಯಾಂಕಿನೊಳಗಿನ ಡೀಸೆಲ್ ಒಂದು ಬದಿಗೆ ವಾಲಿದರೆ, ಮಾಪಕ ಹತ್ತಾರು ಲೀಟರ್ ಇಳಿದಂತೆ ತೋರಿಸಬಹುದು. ಅದನ್ನೇ ಕಳ್ಳತನವೆಂದು ತೀರ್ಮಾನಿಸಿ ಚಾಲಕನ ಬತ್ತೆ ಕಡಿತ ಮಾಡಿದರೆ, ಯಂತ್ರದ ತಪ್ಪಿಗೆ ಮನುಷ್ಯ ದಂಡ ತೆತ್ತಂತಾಗುತ್ತದೆ. ಮರಳಿ ಸಮತಟ್ಟಿಗೆ ಬಂದಾಗ ಅಳತೆ ಮೊದಲಿನಂತಾಯಿತೇ ಎಂದು ಪರಿಶೀಲಿಸಿದರೆ ಸಾಕು, ಇಂತಹ ಅನೇಕ ಜಗಳಗಳು ತಪ್ಪುತ್ತವೆ.

ಇನ್ನು, ನಿಜವಾದ ಕಳ್ಳನಿಗೆ ತಂತಿ ಕತ್ತರಿಸುವುದು ಕಷ್ಟವಲ್ಲ. ಆದ್ದರಿಂದ ಒಳಗೊಂದು ಬ್ಯಾಟರಿ ಇರುವ, ವಿದ್ಯುತ್ ಕಡಿದೊಡನೆ ಸಂದೇಶ ಕಳಿಸುವ ಉಪಕರಣವೇ ಲೇಸು.

ವಾಹನದ ಮೇಲೋ, ಮನುಷ್ಯನ ಮೇಲೋ?

ವಾಹನವನ್ನು ಹಿಂಬಾಲಿಸುವುದೆಂದರೆ ಅದನ್ನು ನಡೆಸುವವನನ್ನೂ ಹಿಂಬಾಲಿಸಿದಂತೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರ ಆಗಸ್ಟಿನಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆರೋಪಿಯೊಬ್ಬ ತಾನಿರುವ ಸ್ಥಳವನ್ನು ಗೂಗಲ್ ನಕ್ಷೆಯ ಮೂಲಕ ಪೊಲೀಸರಿಗೆ ಸದಾ ತಿಳಿಸುತ್ತಿರಬೇಕೆಂಬ ಜಾಮೀನು ಷರತ್ತನ್ನೂ 2024ರ ಜುಲೈನಲ್ಲಿ ಅದೇ ನ್ಯಾಯಾಲಯ ತಳ್ಳಿಹಾಕಿತು.

ಉದ್ಯೋಗದಾತನ ಸ್ಥಿತಿ ಕೊಂಚ ಭಿನ್ನ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ, ಉದ್ಯೋಗದ ಉದ್ದೇಶಕ್ಕೆ ಮತ್ತು ನಷ್ಟದಿಂದ ರಕ್ಷಿಸಿಕೊಳ್ಳಲು ನೌಕರನ ಮಾಹಿತಿಯನ್ನು ಬಳಸಲು ಅವಕಾಶ ನೀಡುತ್ತದೆ. ಲಾರಿಯ ಮೇಲಿನ ನಿಗಾ ಈ ಚೌಕಟ್ಟಿನೊಳಗೆ ಬರಬಹುದು. ಪಾಳಿ ಮುಗಿಸಿ ಮನೆಗೆ ಹೋದ ಚಾಲಕನ ಸ್ವಂತ ಮೊಬೈಲಿನ ಮೇಲಿನ ನಿಗಾಕ್ಕೆ ಅದೇ ಸಮರ್ಥನೆ ಹೊಂದುವುದು ಕಷ್ಟ.

ಉಪಕರಣ ಅಳವಡಿಸುವ ಮುನ್ನವೇ ಏನೇನು ದಾಖಲಾಗುತ್ತದೆ, ಯಾರು ನೋಡುತ್ತಾರೆ, ಎಷ್ಟು ದಿನ ಇಡಲಾಗುತ್ತದೆ ಎಂಬುದನ್ನು ಚಾಲಕನಿಗೆ ತಿಳಿಸುವುದು ಒಳಿತು. ಅದೇ ದಾಖಲೆಯನ್ನು ಅವನಿಗೂ ತೋರಿಸುವುದು ಇನ್ನೂ ಒಳಿತು. ಏಕೆಂದರೆ ತಡವಾದದ್ದಕ್ಕೆ ಕಾರಣ ತಾನಲ್ಲ, ಗೋದಾಮಿನ ಬಾಗಿಲಲ್ಲಿ ಆರು ತಾಸು ಕಾಯಿಸಿದವರು ಎಂದು ಸಾಬೀತುಪಡಿಸಲು ಚಾಲಕನಿಗೂ ಒದಗುವುದು ಆ ಪೆಟ್ಟಿಗೆಯ ಸಾಕ್ಷ್ಯವೇ.