ಪ್ರತಿಭಟನೆಯಾಚೆಗಿನ ಐಕ್ಯ

ಸೆಪ್ಟೆಂಬರ್ 8ರ ಆರೋಗ್ಯಮಾತೆಯ ಹಬ್ಬಕ್ಕೆ ಹರಿಹರದ ಬಸಿಲಿಕಕ್ಕೆ ಬರುವವರಲ್ಲಿ ಹರಕೆ ಹೊತ್ತ ಹಿಂದೂಗಳೂ ಇರುತ್ತಾರೆ. ಬರಲು ಹಿಂದೆಮುಂದೆ ನೋಡುವವರು ಸಾಮಾನ್ಯವಾಗಿ ಪ್ರಾಟೆಸ್ಟಂಟ್ ಕ್ರೈಸ್ತರು. ಇದನ್ನು ಸಣ್ಣತನವೆಂದು ತಳ್ಳಿಹಾಕುವುದು ತಪ್ಪು. ಮಾತೆ ಮರಿಯಳಲ್ಲಿ ಮೊರೆಯಿಡಬಹುದೇ ಎಂಬುದು ಐದು ಶತಮಾನಗಳ ವಿಶ್ವಾಸದ ತಕರಾರು. ದಾವಣಗೆರೆ, ಹರಿಹರಗಳಲ್ಲಿ ಕ್ರೈಸ್ತ ಐಕ್ಯದ ಮಾತೆತ್ತುವವರು ಈ ತಕರಾರನ್ನು ಮುಚ್ಚಿಡದೆ ಮಾತು ಶುರುಮಾಡಬೇಕು.

ಈಗ ಕಾಣುವ ಒಗ್ಗಟ್ಟು ಬಹುಮಟ್ಟಿಗೆ ಭಯ ಹುಟ್ಟಿಸಿದ್ದು. 2008ರ ಸೆಪ್ಟೆಂಬರ್ 14ರಂದು ಮಂಗಳೂರಿನಲ್ಲಿ ಚರ್ಚುಗಳ ಮೇಲೆ ದಾಳಿ ಮಾಡಿದವರು ಕಾರಣವೆಂದು ಹೇಳಿದ್ದು ನ್ಯೂ ಲೈಫ್ ಎಂಬ ಪ್ರಾಟೆಸ್ಟಂಟ್ ಸಭೆಯ ಮತಪ್ರಚಾರವನ್ನು. ಹಲ್ಲೆ ಬಿದ್ದದ್ದು ಮಿಲಾಗ್ರಿಸ್ ಚರ್ಚ್ ಬಳಿಯ ಕಥೋಲಿಕ ಸನ್ಯಾಸಿನಿಯರ ಪ್ರಾರ್ಥನಾಲಯದ ಮೇಲೂ. ಕಲ್ಲೆಸೆಯುವವನು ಪಂಥ ಕೇಳುವುದಿಲ್ಲ ಎಂಬುದು ಆಗ ಎಲ್ಲರಿಗೂ ಮನದಟ್ಟಾಯಿತು. 2022ರ ಮತಾಂತರ ನಿಷೇಧ ಕಾಯ್ದೆಯ ವಿರುದ್ಧವೂ ಬಿಷಪ್ಪರು, ಪಾಸ್ಟರುಗಳು ಜೊತೆಗೆ ನಿಂತರು. ಅದು ಬೇಕಾಗಿತ್ತು, ಸಂದೇಹವಿಲ್ಲ. ಆದರೆ ಮನವಿಪತ್ರ ಕೊಟ್ಟ ಮೇಲೆ ಅವರವರು ಅವರವರ ಗೇಟಿನೊಳಗೆ ಹೋದರೆ ಅದನ್ನು ಐಕ್ಯವೆನ್ನಲು ನನಗೆ ಮನಸ್ಸಾಗದು.

ಇದಕ್ಕಿಂತ ಕಷ್ಟದ ದಾರಿಯನ್ನು ದಕ್ಷಿಣ ಭಾರತ ಒಮ್ಮೆ ನಡೆದು ತೋರಿಸಿದೆ. 1919ರಲ್ಲಿ ತರಂಗಂಬಾಡಿಯಲ್ಲಿ ಆರಂಭವಾದ ಮಾತುಕತೆ ಇಪ್ಪತ್ತೆಂಟು ವರ್ಷ ಎಳೆಯಿತು. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥಡಿಸ್ಟ್ ಹಾಗೂ ಅದಾಗಲೇ ಒಂದಾಗಿದ್ದ ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳು ಸೇರಿ ದಕ್ಷಿಣ ಭಾರತ ಸಭೆ (ಸಿಎಸ್‌ಐ) ಆಯಿತು. ಬಿಷಪ್ಪರ ಕೈಯಿಂದ ದೀಕ್ಷೆ ಪಡೆಯದ ಸಭಾಪಾಲಕರನ್ನೂ ಮರುದೀಕ್ಷೆ ಕೇಳದೆ ಆಂಗ್ಲಿಕನ್ನರು ಒಪ್ಪಿಕೊಂಡರು. ಮುಂದಿನ ದೀಕ್ಷೆಗಳೆಲ್ಲ ಬಿಷಪ್ಪರಿಂದಲೇ ಎಂದು ಇನ್ನೊಂದು ಪಕ್ಷ ಒಪ್ಪಿತು. ಎರಡು ಕಡೆಯವರೂ ಏನೋ ಬಿಟ್ಟುಕೊಟ್ಟರು, ಬೆಲೆಯನ್ನೂ ತೆತ್ತರು: ನಂದ್ಯಾಲದ ಅನೇಕ ಆಂಗ್ಲಿಕನ್ನರು ಹೊರಗುಳಿದರು, ಇಂಗ್ಲೆಂಡಿನ ಮಾತೃಸಭೆ ವರ್ಷಗಟ್ಟಲೆ ಪೂರ್ಣ ಸಂಬಂಧ ಕೊಡಲಿಲ್ಲ. ಕನ್ನಡನಾಡಿನಲ್ಲಿ ತುಮಕೂರಿನ ಯೂನಿಯನ್ ಸೆಮಿನರಿ ಮತ್ತು ಮಂಗಳೂರಿನ ಬಾಸೆಲ್ ಸೆಮಿನರಿ 1965ರಲ್ಲಿ ಒಂದಾಗಿ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಆದದ್ದೂ ಇದೇ ಹಾದಿಯಲ್ಲಿ. ಆ ಸಿಎಸ್‌ಐ ಇಂದು ಆಸ್ತಿ, ಚುನಾವಣೆಗಳ ವ್ಯಾಜ್ಯದಲ್ಲಿ ಕೋರ್ಟು ಅಲೆಯುತ್ತಿಲ್ಲವೇ ಎಂದು ಕೇಳಬಹುದು. ಅಲೆಯುತ್ತಿದೆ. ಅದು ಆಡಳಿತದ ರೋಗ. ಒಂದಾಗದ ಸಭೆಗಳಿಗೂ ಅದು ತಗುಲಿದೆ.

ಒಂದಾದರೆ ಸತ್ಯ ತೆಳುವಾಗುತ್ತದೆ ಎಂಬ ಆಕ್ಷೇಪ ಇನ್ನೂ ಗಟ್ಟಿ. ಆದರೆ ಲೂಥರನ ಕಾಲದಲ್ಲಿ ಸಭೆಯನ್ನು ಒಡೆದ ಪ್ರಶ್ನೆಯಾದ, ಮನುಷ್ಯ ದೇವರ ಮುಂದೆ ನೀತಿವಂತನೆನಿಸಿಕೊಳ್ಳುವುದು ಹೇಗೆಂಬುದರ ಮೇಲೆಯೇ ಕಥೋಲಿಕರೂ ಲೂಥರನ್ನರೂ 1999ರ ಅಕ್ಟೋಬರ್ 31ರಂದು ಜಂಟಿ ಘೋಷಣೆಗೆ ಸಹಿ ಹಾಕಿದರು. ಉಳಿದ ಭಿನ್ನಾಭಿಪ್ರಾಯಗಳನ್ನು ಅಲ್ಲಿ ಅಡಗಿಸಿಡಲಿಲ್ಲ. ಬಿಕ್ಕಟ್ಟು ನಿಜಕ್ಕೂ ಬಿಗಿಯಾಗಿರುವುದು ಪೆಂಟಿಕಾಸ್ಟಲ್ ಸಭೆಗಳೊಂದಿಗೆ. ಶಿಶು ದೀಕ್ಷಾಸ್ನಾನವನ್ನು ಅವರು ಒಪ್ಪುವುದಿಲ್ಲ, ಬೇರೆ ಸಭೆಗಳಿಂದ ಬಂದವರನ್ನು ಮತ್ತೆ ನೀರಿಗಿಳಿಸುತ್ತಾರೆ. ಹಳೆಯ ಸಭೆಗಳು ಅದನ್ನು ಕುರಿ ಕದಿಯುವುದು ಎನ್ನುತ್ತವೆ. ಕುರಿ ಏಕೆ ಹೋಯಿತೆಂದು ಮಾತ್ರ ಹೆಚ್ಚಿನವರು ಕೇಳಿಕೊಳ್ಳುವುದಿಲ್ಲ. ಈ ಗಂಟು ಜಿಲ್ಲಾ ಮಟ್ಟದಲ್ಲಿ ಬಿಚ್ಚುವಂಥದ್ದಲ್ಲ.

ಬಿಚ್ಚಬಹುದಾದವು ಬೇರೆ ಇವೆ. ಪಂಥ ಮೀರಿ ಮದುವೆಯಾಗುವ ಜೋಡಿಯನ್ನು ಎರಡೂ ಸಭೆಯವರು ಕೂಡಿ ಹರಸಬಹುದು. ಸ್ವಂತ ಸ್ಮಶಾನವಿಲ್ಲದ ಸಣ್ಣ ಸಭೆಯ ಹೆಣಕ್ಕೆ ದೊಡ್ಡ ಸಭೆ ಜಾಗ ಕೊಡಬಹುದು. ಜನವರಿ 18ರಿಂದ 25ರವರೆಗೆ ಲೋಕದ ಹಲವೆಡೆ ಐಕ್ಯಕ್ಕಾಗಿ ಪ್ರಾರ್ಥನಾ ವಾರ ನಡೆಯುತ್ತದೆ. ದಾವಣಗೆರೆ, ಹರಿಹರಗಳ ಫಾದರುಗಳು, ಪಾಸ್ಟರುಗಳು, ಸಭಾ ಹಿರಿಯರು ಬರುವ ಜನವರಿಯಲ್ಲಿ ಪ್ರಾರ್ಥನೆ ಮುಗಿಸಿ ಎದ್ದುಹೋಗದೆ, ಈ ಎರಡು ವಿಷಯಗಳನ್ನಾದರೂ ಕೂತು ತೀರ್ಮಾನಿಸಲಿ.