ಮದ್ದಿಲ್ಲದ ಹನಿಯ ಎದುರು

"ಡಾಕ್ಟ್ರೇ, ಕಣ್ಣೊಳಗೆ ಮರಳು ಬಿದ್ದಂಗಿದೆ" ಎನ್ನುತ್ತ ಬಂದವರ ಕೆಳರೆಪ್ಪೆಗೆ ಕಣ್ಣೀರು ಅಳೆಯುವ ಶಿರ್ಮರ್ ಪಟ್ಟಿ ಸಿಕ್ಕಿಸಿ ಐದು ನಿಮಿಷ ಕಾಯುತ್ತೇನೆ. ಎಷ್ಟೋ ಸಲ ಪಟ್ಟಿ ಚೆನ್ನಾಗಿಯೇ ನೆನೆದಿರುತ್ತದೆ. ಇನ್ನು ಕೆಲವರ ಕಣ್ಣಿಗೆ ಬಣ್ಣದ ಹನಿ ಬಿಟ್ಟರೆ ಕಾರ್ನಿಯಾ ತುಂಬ ಘಾಸಿಯಾದ ಜಾಗ ತೋರಿಸುವ ಹಸಿರು ಚುಕ್ಕೆಗಳು. ಅವರಿಗೆ ಉರಿ ಅಷ್ಟಾಗಿ ಇರುವುದೇ ಇಲ್ಲ. ಒಣಕಣ್ಣಿನಲ್ಲಿ ರೋಗಿ ಹೇಳುವುದಕ್ಕೂ ನಾವು ಕಾಣುವುದಕ್ಕೂ ತಾಳೆಯಾಗುವುದು ಕಡಿಮೆ. ಹೊಸ ಹನಿಗಳ ಪರೀಕ್ಷೆ ಎಡವುವುದೂ ಇಲ್ಲೇ.

ಇನ್ನೊಂದು ತೊಡಕಿದೆ. ಹೋಲಿಕೆಗೆ ಹಾಕುವ ಮದ್ದಿಲ್ಲದ ಹನಿಯೂ ಕಣ್ಣನ್ನು ತೇವ ಮಾಡುತ್ತದೆ. ಹಾಗಾಗಿ ಅದನ್ನು ಹಾಕಿಕೊಂಡವರಿಗೂ ಹಾಯೆನಿಸುತ್ತದೆ. ಹೊಸ ಮದ್ದು ಅದಕ್ಕಿಂತ ಹೆಚ್ಚು ಕೆಲಸ ಮಾಡಿ ತೋರಿಸಬೇಕು.

ಅಮೆರಿಕದ ಲಿಫಿಟೆಗ್ರಾಸ್ಟ್ ಹನಿಯನ್ನೇ ನೋಡಿ. ಕಣ್ಣಿನ ಮೇಲ್ಪದರದಲ್ಲಿ ಉರಿಯೂತ ಹೆಚ್ಚಿಸುವ ಟಿ-ಕೋಶಗಳನ್ನು ತಡೆಯುವ ಮದ್ದು ಅದು. ಓಪಸ್ ಎಂಬ ಪ್ರಯೋಗಗಳಲ್ಲಿ ಮೊದಲು ಹದಿನಾಲ್ಕು ದಿನ ಎಲ್ಲರಿಗೂ ಮದ್ದಿಲ್ಲದ ಹನಿಯನ್ನೇ ಕೊಟ್ಟರು. ಆಮೇಲೂ ತೊಂದರೆ ಉಳಿದವರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮದ್ದಿನ ಹನಿ, ಇನ್ನೊಂದಕ್ಕೆ ಮದ್ದಿಲ್ಲದ ಹನಿಯನ್ನು ದಿನಕ್ಕೆರಡು ಸಲದಂತೆ 84 ದಿನ ಹಾಕಿಸಿದರು. ಯಾರಿಗೆ ಯಾವುದು ಸಿಕ್ಕಿದೆಯೆಂದು ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. ಮೊದಲ ಪ್ರಯೋಗದಲ್ಲಿ ಕಾರ್ನಿಯಾದ ಚುಕ್ಕೆಗಳು ತಗ್ಗಿದವು, ಆದರೆ ರೋಗಿಗಳು ಹೇಳಿದ ತೊಂದರೆಯಲ್ಲಿ ಗುರಿ ಮುಟ್ಟಲಿಲ್ಲ. ಎರಡನೆಯದರಲ್ಲಿ ತಿರುಗುಮುರುಗು: ಒಣಗಿದ ಅನುಭವ ತಗ್ಗಿತು, ಚುಕ್ಕೆಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. 2015ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇನ್ನೊಂದು ಪ್ರಯೋಗ ಬೇಕೆಂದಿತು. 711 ಜನರ ಮೂರನೆಯ ಪ್ರಯೋಗದಲ್ಲಿ ಒಣಗಿದ ಅನುಭವ ಮತ್ತೆ ತಗ್ಗಿತು. 2016ರ ಜುಲೈನಲ್ಲಿ ಒಪ್ಪಿಗೆ ದೊರೆಯಿತು.

ಆ ಸಂಸ್ಥೆ ಹಟ ಹಿಡಿದದ್ದು ಸರಿಯೆಂದೇ ನನ್ನ ಅಭಿಪ್ರಾಯ. ವರ್ಷಗಟ್ಟಲೆ ಹಾಕಿಕೊಳ್ಳಬೇಕಾದ ಹನಿ ಇದು. ಒಂದು ಸಲದ ಗೆಲುವು ನಂಬಿ ಬರೆದುಕೊಡುವುದು ತಪ್ಪು. ಈ ಹನಿಗೂ ಕಿರಿಕಿರಿಯಿದೆ. ಹಾಕಿದಾಗ ಕಣ್ಣು ಚುರುಗುಟ್ಟಬಹುದು, ಬಾಯಿರುಚಿ ಕೆಡಬಹುದು.

ನಮ್ಮ ದೇಶದಲ್ಲಿ 2009ರ ಜೂನ್‌ನಿಂದ ಹೊಸ ಔಷಧಗಳ ಪ್ರಯೋಗಗಳು ಸಿಟಿಆರ್‌ಐ ಎಂಬ ರಾಷ್ಟ್ರೀಯ ಪ್ರಯೋಗ ದಾಖಲೆಯಲ್ಲಿ ನೋಂದಣಿಯಾಗಲೇಬೇಕು. ಅದನ್ನು ಯಾರು ಬೇಕಾದರೂ ಓದಬಹುದು. ಒಣಕಣ್ಣಿನ ಪ್ರಯೋಗಕ್ಕೆ ನಿಮ್ಮನ್ನೂ ಕರೆದರೆ ನೋಂದಣಿ ಸಂಖ್ಯೆ ಕೇಳಿ, ಹೋಲಿಕೆಗೆ ಯಾವ ಹನಿ ಇಟ್ಟಿದ್ದಾರೆಂದು ಕೇಳಿ. ಒಪ್ಪಿಗೆಪತ್ರವನ್ನು ಕನ್ನಡದಲ್ಲೇ ಓದಿಸಿಕೊಂಡು, ಅರ್ಥವಾದ ಮೇಲಷ್ಟೇ ಸಹಿ ಹಾಕಿ.