ವೆಬ್‌ಸೈಟ್ ನೋಡಿದವರು ಆರ್ಡರ್ ಕೊಡದೆ ಹೋಗುವುದೇಕೆ?

ನಮ್ಮ ಮಾಲಕ ಬಾಂಧವರಲ್ಲಿ ಅನೇಕರು ಈಗಾಗಲೇ ತಮ್ಮ ಹೋಟೆಲಿನ ಹೆಸರಿನಲ್ಲಿ ವೆಬ್‌ಸೈಟ್ ಮಾಡಿಸಿಕೊಂಡಿದ್ದಾರೆ. ಕೆಲವರಿಗೆ ಮಗನೋ ಅಳಿಯನೋ ಮಾಡಿಕೊಟ್ಟಿದ್ದಾನೆ, ಕೆಲವರು ದುಡ್ಡು ಕೊಟ್ಟು ಮಾಡಿಸಿದ್ದಾರೆ. ಆದರೆ ಅದರಿಂದ ಎಷ್ಟು ಆರ್ಡರ್ ಬಂತು ಎಂದು ಕೇಳಿದರೆ ಉತ್ತರವಿಲ್ಲ. ಜನರು ನೋಡುವುದಿಲ್ಲ ಎಂದಲ್ಲ, ನೋಡುತ್ತಾರೆ. ನೋಡಿ ಮುಂದಿನ ಹೋಟೆಲಿಗೆ ಹೋಗುತ್ತಾರೆ. ಇಲ್ಲಿ ಬರೆಯುತ್ತಿರುವುದು ಅಂಥವರ ಬಗ್ಗೆ, ಅದರಲ್ಲೂ ಕ್ಯಾಟರಿಂಗ್ ಆರ್ಡರ್ ಹುಡುಕಿಕೊಂಡು ಬಂದವರ ಬಗ್ಗೆ.

ಕ್ಯಾಟರಿಂಗ್ ಎಂದೇ ಹೇಳಲು ಕಾರಣವಿದೆ. ಎರಡು ಮಸಾಲೆ ದೋಸೆ ಬೇಕಾದವನು ಸ್ವಿಗ್ಗಿ, ಝೊಮ್ಯಾಟೊ ತೆರೆಯುತ್ತಾನೆ. ಅಲ್ಲಿ ಕಮಿಷನ್ ಕೊಟ್ಟೇ ವ್ಯಾಪಾರ ಮಾಡಬೇಕು. ನಾಮಕರಣಕ್ಕೆ 150 ಎಲೆಯ ಊಟ ಬೇಕಾದವರು ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ. ಅವರು ಗೂಗಲ್‌ನಲ್ಲಿ ಹುಡುಕಿ, ಮೂರ್ನಾಲ್ಕು ಹೋಟೆಲುಗಳನ್ನು ಹೋಲಿಸಿ, ನಂತರ ಫೋನ್ ಮಾಡುತ್ತಾರೆ. ಎಲೆಗೆ 300 ರೂಪಾಯಿ ಹಿಡಿದರೂ ಅದು 45,000 ರೂಪಾಯಿಯ ಕೆಲಸ, ನಡುವೆ ಯಾವ ದಲ್ಲಾಳಿಯೂ ಇಲ್ಲ. ಇಂಥ ಒಂದು ಆರ್ಡರ್ ಕೈತಪ್ಪಿದರೆ ಅದು ತಪ್ಪಿದ್ದೇ ನಮಗೆ ಗೊತ್ತಾಗುವುದಿಲ್ಲ.

ಈ ಗಿರಾಕಿಯ ಮನಸ್ಸಿನಲ್ಲಿ ಇರುವ ಪ್ರಶ್ನೆಗಳು ನಾಲ್ಕೈದು ಮಾತ್ರ. ನಮ್ಮ ಏರಿಯಾಕ್ಕೆ ಬರುತ್ತೀರಾ? ಕಡಿಮೆಯೆಂದರೆ ಎಷ್ಟು ಜನಕ್ಕೆ ಮಾಡುತ್ತೀರಿ? ಸುಮಾರು ಎಷ್ಟು ಬೀಳುತ್ತದೆ? ಬಡಿಸುವವರು ಬರುತ್ತಾರಾ? ಈರುಳ್ಳಿ ಬೆಳ್ಳುಳ್ಳಿ ಇಲ್ಲದೆ, ಬಟಾಟೆ ಕ್ಯಾರೆಟ್ ಮುಂತಾದ ಗಡ್ಡೆ ಇಲ್ಲದೆ ಜೈನ ಊಟ ಆಗುತ್ತದಾ? ಮುಂಬಯಿಯಲ್ಲಿ ಈ ಕೊನೆಯ ಪ್ರಶ್ನೆ ಕೇಳದ ದಿನವಿಲ್ಲ. ಕೌಂಟರಿನಲ್ಲಿ ಯಾರಾದರೂ ಕೇಳಿದರೆ ಒಂದೇ ಉಸಿರಿನಲ್ಲಿ ಉತ್ತರ ಕೊಡುವ ನಾವು, ವೆಬ್‌ಸೈಟಿನಲ್ಲಿ ಮಾತ್ರ ಅದನ್ನು ಬಿಟ್ಟು ಬೇರೆಲ್ಲವನ್ನೂ ಬರೆದಿರುತ್ತೇವೆ. ಮೊದಲ ಪುಟದಲ್ಲಿ ಸ್ವಾಗತ, ಆಮೇಲೆ ಸ್ಥಾಪಕರ ಭಾವಚಿತ್ರ, ಆಮೇಲೆ ನಮ್ಮ ಧ್ಯೇಯ. ಊರಿನಿಂದ ಬರಿಗೈಯಲ್ಲಿ ಬಂದು, ಹಗಲು ಕಪ್ಪುಬಸಿ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ ಹೋಟೆಲ್ ಕಟ್ಟಿದ ಹಿರಿಯರ ಕಥೆಗೆ ಗೌರವ ಇರಲೇಬೇಕು, ಅದಕ್ಕೊಂದು ಬೇರೆ ಪುಟ ಇರಲಿ. ಮೊದಲ ಪುಟದಲ್ಲಿ ಸ್ಥಾಪನೆಯ ಇಸವಿ ಸಾಕು. ಮಾಟುಂಗಾದ ರಾಮ ನಾಯಕ್ ಅವರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರದ್ದು ಎಂದರೆ ಓದುವವನಿಗೆ ಉಳಿದದ್ದು ತಾನಾಗಿ ತಿಳಿಯುತ್ತದೆ.

ದರ ಹಾಕಬೇಕೇ ಬೇಡವೇ ಎಂಬುದು ದೊಡ್ಡ ಚರ್ಚೆ. ಪಕ್ಕದ ಹೋಟೆಲಿನವರು ನೋಡಿ ಐದು ರೂಪಾಯಿ ಕಡಿಮೆ ಹೇಳುತ್ತಾರೆ ಎಂಬ ಭಯ ಹಲವರಿಗಿದೆ. ಆದರೆ ಪಕ್ಕದವರಿಗೆ ನಮ್ಮ ದರ ಈಗಾಗಲೇ ಗೊತ್ತು. ಗೊತ್ತಿಲ್ಲದಿದ್ದರೆ ಗಿರಾಕಿಯ ಹೆಸರಿನಲ್ಲಿ ಒಂದು ಫೋನ್ ಮಾಡಿದರಾಯಿತು. ಗೊತ್ತಿಲ್ಲದಿರುವುದು ಗಿರಾಕಿಗೆ ಮಾತ್ರ. ಪೂರ್ತಿ ದರಪಟ್ಟಿ ಹಾಕುವ ಅಗತ್ಯವಿಲ್ಲ. ಬೆಳಗಿನ ತಿಂಡಿ, ಸಾದಾ ಊಟ, ಹಬ್ಬದ ಊಟ ಎಂದು ಮೂರು ಮೆನು ಮಾಡಿ, ಒಂದೊಂದಕ್ಕೂ ಎಷ್ಟರಿಂದ ಪ್ರಾರಂಭ ಎಂದು ಬರೆಯಿರಿ. ಅದರಲ್ಲಿ ಜಿ.ಎಸ್.ಟಿ., ಸಾಗಾಟ, ಬಾಳೆ ಎಲೆ, ಬಡಿಸುವ ಹುಡುಗರು ಸೇರಿದ್ದಾರೋ ಇಲ್ಲವೋ ಎಂಬುದು ಅದೇ ಜಾಗದಲ್ಲಿರಲಿ. ಜಗಳ ಆಗುವುದು ದರದಿಂದಲ್ಲ, ಇವುಗಳಿಂದ.

ಇನ್ನು ಮೆನುವನ್ನು ಅಕ್ಷರದಲ್ಲಿ ಟೈಪ್ ಮಾಡಿಸಬೇಕು. ಮುದ್ರಿತ ಕಾರ್ಡಿನ ಫೋಟೋ ತೆಗೆದು ಹಾಕಿದರೆ ಮೊಬೈಲಿನಲ್ಲಿ ಎರಡು ಬೆರಳಿನಿಂದ ಹಿಗ್ಗಿಸಿ ಓದಬೇಕಾಗುತ್ತದೆ. ಗೂಗಲ್‌ಗೂ ಟೈಪ್ ಮಾಡಿದ ಅಕ್ಷರವೇ ಸುಲಭ. ಹೆಸರುಗಳ ವಿಷಯದಲ್ಲಿ ಸ್ವಲ್ಪ ಯೋಚಿಸಿ. ನಾವು ಕೇಸರಿಬಾತ್ ಎನ್ನುವುದನ್ನು ಮುಂಬಯಿ, ಪುಣೆಯವರು ಶೀರಾ ಎಂದು ಹುಡುಕುತ್ತಾರೆ. ಉದ್ದಿನ ವಡೆ ಅಲ್ಲಿ ಮೆದುವಡಾ. ಗೋಳಿಬಜೆಯ ಹತ್ತಿರದ ಬಂಧು ಹೈದರಾಬಾದಿನಲ್ಲಿ ಮೈಸೂರು ಬಜ್ಜಿ. ಎರಡೂ ಹೆಸರು ಜೊತೆಯಲ್ಲಿರಲಿ. ನಮ್ಮ ಹೆಸರನ್ನು ಬಿಡುವುದು ಮಾತ್ರ ಬೇಡ, ನಮ್ಮವರೂ ಹುಡುಕುತ್ತಾರಲ್ಲ.

ಫೋಟೋಗಳು ನಿಮ್ಮ ಅಡುಗೆಮನೆಯದ್ದೇ ಆಗಿರಲಿ. ಇಂಟರ್‌ನೆಟ್‌ನಿಂದ ಎತ್ತಿದ ಬಾಳೆ ಎಲೆ ಊಟದ ಚಿತ್ರ ಹತ್ತು ಹೋಟೆಲುಗಳಲ್ಲಿ ಇರುತ್ತದೆ, ಕಾಪಿರೈಟ್ ತಕರಾರೂ ಬರಬಹುದು. ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಮೂರ್ನಾಲ್ಕು ಎಂ.ಬಿ. ಇರುತ್ತದೆ. ಹಾಗೆಯೇ ಏರಿಸಿದರೆ ಪುಟ ತೆರೆಯುವಷ್ಟರಲ್ಲಿ ಗಿರಾಕಿ ಹೋಗಿರುತ್ತಾನೆ. 200 ಕೆ.ಬಿ. ಒಳಗೆ ಇಳಿಸಿ ಹಾಕಲು ಹೇಳಿ. ಹಳೆಯ ಸೈಟುಗಳಲ್ಲಿ ಓಡಾಡುತ್ತಿದ್ದ ಫ್ಲಾಶ್ ಚಿತ್ರಗಳಿಗೆ 2020ರ ಡಿಸೆಂಬರ್ 31ಕ್ಕೆ ಬೆಂಬಲವೇ ನಿಂತಿದೆ. ಈಗ ಆ ಜಾಗ ಬರೀ ಖಾಲಿ.

ಈಗ ಫೋನಿನ ವಿಷಯ. ನಂಬರು ಪ್ರತಿ ಪುಟದ ಮೇಲ್ಭಾಗದಲ್ಲಿದ್ದು, ಒತ್ತಿದ ಕೂಡಲೇ ಕರೆ ಹೋಗುವಂತಿರಬೇಕು. ಪಕ್ಕದಲ್ಲೇ ವಾಟ್ಸಾಪ್ ಗುಂಡಿ. ಡಿಸೈನರಿಗೆ ಇದು ಹತ್ತು ನಿಮಿಷದ ಕೆಲಸ. ನಿಜವಾದ ತೊಂದರೆ ಇರುವುದು ನಮ್ಮ ಕಡೆಯಲ್ಲಿ. ಆ ನಂಬರು ಗಲ್ಲಾದ ಮೇಲಿನ ಫೋನಿನದ್ದು. ಆಫೀಸಿಗೆ ಹೋಗುವವರು ಇಂಥ ಕರೆ ಮಾಡುವುದು ತಮ್ಮ ಊಟದ ಬಿಡುವಿನಲ್ಲಿ, ಅಂದರೆ ಮಧ್ಯಾಹ್ನ ಒಂದರಿಂದ ಎರಡರೊಳಗೆ. ನಮ್ಮಲ್ಲಿ ಆಗ ಟೋಕನ್‌ಗೆ ಕ್ಯೂ, ಪಾರ್ಸೆಲ್ ಗದ್ದಲ. ಫೋನ್ ಬಡಿದುಕೊಂಡು ಸುಮ್ಮನಾಗುತ್ತದೆ, ಇಲ್ಲವೇ ಯಾರೋ ಎತ್ತಿ "ಸಂಜೆ ಮಾಡಿ" ಎನ್ನುತ್ತಾರೆ. ಎಷ್ಟೇ ಚೆಂದದ ವೆಬ್‌ಸೈಟ್ ಮಾಡಿಸಿದರೂ ವ್ಯಾಪಾರ ಸೋರಿಹೋಗುವುದು ಈ ತೂತಿನಲ್ಲಿ. ಕ್ಯಾಟರಿಂಗ್‌ಗೆ ಪ್ರತ್ಯೇಕ ಸಿಮ್ ತೆಗೆದು, ಗಲ್ಲಾದಲ್ಲಿ ಕೂರದ ಒಬ್ಬರ ಕೈಗೆ ಕೊಡಿ. ಮನೆಯಲ್ಲಿರುವ ಸೊಸೆಯೋ ಮಗಳೋ ಈ ಕೆಲಸ ನಮಗಿಂತ ಚೆನ್ನಾಗಿ ಮಾಡಬಲ್ಲರು. ಆ ನಂಬರು ವೆಬ್‌ಸೈಟಿನಲ್ಲಿ ಮಾತ್ರ ಇದ್ದರೆ, ಬಂದ ಕರೆ ಎಲ್ಲಿಯದು ಎಂಬ ಲೆಕ್ಕವೂ ಸಿಗುತ್ತದೆ.

ಫಾರಂ ಇಡುವುದಾದರೆ ತಾರೀಕು, ಜನ ಎಷ್ಟು, ಸ್ಥಳ, ಫೋನ್ ಇಷ್ಟೇ ಕೇಳಿ. ಪಿನ್‌ಕೋಡು, ಇ-ಮೇಲು, ವಿಷಯ ಎಂದು ಹನ್ನೆರಡು ಮನೆ ತುಂಬಿಸಲು ಹೇಳಿದರೆ ಯಾರೂ ತುಂಬುವುದಿಲ್ಲ. ತುಂಬಿದ್ದು ಯಾವ ಇ-ಮೇಲಿಗೆ ಹೋಗುತ್ತದೆ, ಅದನ್ನು ಯಾರು ತೆರೆಯುತ್ತಾರೆ ಎಂದು ಇಂದೇ ವಿಚಾರಿಸಿ. ಹೀಗೆ ಸಿಕ್ಕಿದ ನಂಬರುಗಳಿಗೆ ಕೇಳದೆ ದಿನಾ ಜಾಹೀರಾತು ಕಳಿಸುವುದು ಬೇಡ. 2023ರಲ್ಲಿ ವೈಯಕ್ತಿಕ ಡಿಜಿಟಲ್ ಮಾಹಿತಿಯ ರಕ್ಷಣೆಗೆ ಕಾಯ್ದೆಯೇ ಬಂದಿದೆ. ಎಫ್.ಎಸ್.ಎಸ್.ಎ.ಐ.ಯ 14 ಅಂಕಿಯ ಲೈಸೆನ್ಸ್ ನಂಬರನ್ನು ಪುಟದ ಕೆಳಗೆ ಹಾಕಿ. ಕಂಪೆನಿಗಳಿಗೆ ತಿಂಡಿ ಒದಗಿಸುವವರನ್ನು ಅಲ್ಲಿನ ಆಡಳಿತ ವಿಭಾಗದವರು ಮೊದಲು ಕೇಳುವುದರಲ್ಲಿ ಇದೂ ಒಂದು.

ಕೊನೆಯದಾಗಿ ಒಡೆತನದ ವಿಷಯ, ಇದನ್ನು ದಯವಿಟ್ಟು ಹಗುರವಾಗಿ ಎಣಿಸಬೇಡಿ. ಗೂಗಲ್ ತನ್ನ ಬಿಸಿನೆಸ್ ಪ್ರೊಫೈಲ್ ಜೊತೆ ಪುಕ್ಕಟೆಯಾಗಿ ಕೊಡುತ್ತಿದ್ದ ಪುಟ್ಟ ವೆಬ್‌ಸೈಟುಗಳನ್ನು 2024ರ ಮಾರ್ಚಿನಲ್ಲಿ ನಿಲ್ಲಿಸಿತು. ವಿಸಿಟಿಂಗ್ ಕಾರ್ಡಿನಲ್ಲಿ ಆ ವಿಳಾಸ ಅಚ್ಚು ಹಾಕಿಸಿದವರ ಕಾರ್ಡ್ ವ್ಯರ್ಥವಾಯಿತು. ನಿಮ್ಮ ಡೊಮೇನ್ ಹೆಸರು ನಿಮ್ಮ ಹೆಸರಿನಲ್ಲಿ, ನಿಮ್ಮ ಮೊಬೈಲಿಗೆ ಜೋಡಿಸಿ ನೋಂದಣಿಯಾಗಿದೆಯೇ ನೋಡಿ. ಹಲವೆಡೆ ಅದು ಸೈಟ್ ಮಾಡಿದ ಹುಡುಗನ ಹೆಸರಿನಲ್ಲಿರುತ್ತದೆ. ಆತ ಊರು ಬಿಟ್ಟರೆ ನವೀಕರಣದ ಸೂಚನೆ ಅವನಿಗೆ ಹೋಗುತ್ತದೆ, ಬಾಗಿಲು ಮುಚ್ಚುವುದು ನಮ್ಮದು. ಗೂಗಲ್ ಪ್ರೊಫೈಲಿನ ಪಾಸ್‌ವರ್ಡೂ ಅಷ್ಟೇ. ಅಲ್ಲಿನ ಹೆಸರು, ವಿಳಾಸ, ಸಮಯ ವೆಬ್‌ಸೈಟಿನಲ್ಲಿರುವಂತೆಯೇ ಇರಬೇಕು. ಸೋಮವಾರ ರಜೆಯಿದ್ದರೆ ಎರಡೂ ಕಡೆ ಬರೆಯಿರಿ.

ಇವೆಲ್ಲಕ್ಕೆ ಹೊಸ ಸೈಟ್ ಬೇಕಿಲ್ಲ, ಇರುವುದನ್ನು ತಿದ್ದಿದರೆ ಸಾಕು. ಕ್ಯಾಟರಿಂಗ್ ಫೋನಿನ ಪಕ್ಕ ಒಂದು ಪುಸ್ತಕವಿಟ್ಟು ಕರೆ ಬಂದ ತಾರೀಕು, ಏನು ಕೇಳಿದರು, ಆರ್ಡರ್ ಆಯಿತೇ, ಆಗದಿದ್ದರೆ ಏಕೆ ಎಂದು ಬರೆಸಿ. ಹತ್ತು ಜನ ಒಂದೇ ಪ್ರಶ್ನೆ ಕೇಳಿದ್ದರೆ ಅದರ ಉತ್ತರ ವೆಬ್‌ಸೈಟಿನ ಮೊದಲ ಪುಟಕ್ಕೆ ಹೋಗಬೇಕು. ಗಣಪತಿ ಹಬ್ಬಕ್ಕೆ ಎರಡು ತಿಂಗಳ ಮೊದಲೇ ಇದನ್ನು ಆರಂಭಿಸಿದರೆ ಹಬ್ಬದ ಆರ್ಡರುಗಳ ಹೊತ್ತಿಗೆ ಪುಟ ಸಿದ್ಧವಿರುತ್ತದೆ.